ಸ್ಫೂರ್ತಿ ಸಾಕು, ದಾರಿ ಹೇಳಿ ಸರ್

ಕಂಪನಿಗಳ ಉದ್ಯೋಗಿಗಳು ಸರ್ಕಾರಿ ಶಾಲೆಗೆ ಬಂದು ವಿಜ್ಞಾನ, ಎಂಜಿನಿಯರಿಂಗ್ ಕಡೆಗೆ ಮಕ್ಕಳನ್ನು ಸೆಳೆಯುವ ಕಾರ್ಯಕ್ರಮಗಳಿಂದ ನಿಜಕ್ಕೂ ಏನಾಗುತ್ತದೆ? ಕೋಲಾರ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ವಿಜ್ಞಾನ ಕಲಿಸಿದ ನಿವೃತ್ತ ಶಿಕ್ಷಕರೊಬ್ಬರ ಮಾತು. ಪಾಡ್‌ಕಾಸ್ಟ್‌ನ ಬರಹ ರೂಪ ಇಲ್ಲಿದೆ.



ಕಂಪನಿಯಲ್ಲಿ ಕೆಲಸ ಮಾಡೋ ಎಂಜಿನಿಯರುಗಳು ವರ್ಷಕ್ಕೊಂದು ದಿನ, ಎರಡು ದಿನ ಬಿಡುವು ಮಾಡ್ಕೊಂಡು ಸರ್ಕಾರಿ ಶಾಲೆಗೆ ಬರ್ತಾರಲ್ಲ, ಆ ಭೇಟಿಯ ಬಗ್ಗೆ ಇವತ್ತು ಮಾತಾಡ್ತೀನಿ. ಎಲ್ಲರೂ ಒಂದೇ ಬಣ್ಣದ ಟೀ ಶರ್ಟ್ ಹಾಕ್ಕೊಂಡು ಬರ್ತಾರೆ. ಮಕ್ಕಳಿಗೆ ಬ್ಯಾಗು, ಜಾಮಿಟ್ರಿ ಬಾಕ್ಸು ಕೊಡ್ತಾರೆ. ಒಂದು ಪ್ರಯೋಗ ತೋರಿಸ್ತಾರೆ, ಒಂದು ಭಾಷಣ ಮಾಡ್ತಾರೆ, ಗ್ರೂಪ್ ಫೋಟೊ ತೆಗೆಸ್ಕೊಂಡು ಹೊರಡ್ತಾರೆ. ಅವರ ಮನಸ್ಸು ಒಳ್ಳೇದು, ಅದರಲ್ಲಿ ಅನುಮಾನ ಇಲ್ಲ. ಶನಿವಾರ ಮನೆಯಲ್ಲಿ ಮಲಗೋದು ಬಿಟ್ಟು ಬೆಂಗಳೂರಿನ ಟ್ರಾಫಿಕ್ ದಾಟ್ಕೊಂಡು ಹಳ್ಳಿಗೆ ಬರೋರನ್ನ ಹಗುರವಾಗಿ ಮಾತಾಡೋದು ಸರಿಯಲ್ಲ.

ನನ್ನ ಪ್ರಶ್ನೆ ಬೇರೆ. ಅವರು ಬಂದು ಹೋದ ಮೇಲೆ ಮಗುವಿನ ಬದುಕಲ್ಲಿ ಏನು ಉಳಿಯುತ್ತೆ? ಹತ್ತನೇ ಕ್ಲಾಸಿನ ಹುಡುಗಿ ಒಬ್ಬಳು ಸೈನ್ಸ್ ತಗೋತೀನಿ ಅಂತ ಮನೆಯಲ್ಲಿ ಹೇಳೋದಕ್ಕೆ ಆ ಒಂದು ದಿನ ಸಹಾಯ ಮಾಡುತ್ತಾ? ಮಾಡಬಹುದು ಅಂತ ನನ್ನ ನಂಬಿಕೆ. ಆದರೆ ಅದಕ್ಕೆ ಆ ಭೇಟಿ ಯಾವಾಗ ಆಗ್ಬೇಕು, ಯಾರು ಬರ್ಬೇಕು, ಬಂದೋರು ಏನು ಹೇಳ್ಬೇಕು ಅನ್ನೋದನ್ನ ಸ್ವಲ್ಪ ಯೋಚನೆ ಮಾಡ್ಬೇಕಾಗುತ್ತೆ.

ಮೊದಲು, ಇವರೆಲ್ಲ ಯಾಕೆ ಬರ್ತಾರೆ ಅಂತ ನೋಡೋಣ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, ಅಥವಾ 1,000 ಕೋಟಿ ವಹಿವಾಟು, ಅಥವಾ 5 ಕೋಟಿ ನಿವ್ವಳ ಲಾಭ, ಇದರಲ್ಲಿ ಯಾವುದಾದರೂ ಒಂದು ಇರೋ ಕಂಪನಿ ತನ್ನ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನ ಸಮಾಜದ ಕೆಲಸಕ್ಕೆ ಖರ್ಚು ಮಾಡ್ಬೇಕು. ಇದನ್ನೇ ನಾವು ಸಿಎಸ್‌ಆರ್ ಅಂತೀವಿ. ಆ ಕೆಲಸಗಳ ಪಟ್ಟಿಯಲ್ಲಿ ಶಿಕ್ಷಣವೂ ಇದೆ. ಹಾಗಾಗಿ ಶಾಲೆಗೆ ಕಟ್ಟಡ, ಬೆಂಚು, ಕಂಪ್ಯೂಟರು, ಲ್ಯಾಬು ಬರ್ತಾ ಇದೆ. ಒಳ್ಳೇದು.

ಆದರೆ ಉದ್ಯೋಗಿಗಳು ಕೊಡೋ ಸಮಯದ ಲೆಕ್ಕ ಬೇರೆ. ಎಂಜಿನಿಯರ್ ಒಬ್ಬರು ನಮ್ಮ ಶಾಲೆಯಲ್ಲಿ ನಾಲ್ಕು ಗಂಟೆ ಪಾಠ ಮಾಡಿದ್ರೆ, ಆ ನಾಲ್ಕು ಗಂಟೆಗೆ ಬೆಲೆ ಕಟ್ಟಿ ಸಿಎಸ್‌ಆರ್ ಖರ್ಚಿಗೆ ಸೇರಿಸೋ ಹಾಗಿಲ್ಲ ಅಂತ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ ಸ್ಪಷ್ಟವಾಗಿ ಹೇಳಿದೆ. ಉದ್ಯೋಗಿಗಳನ್ನ ತೊಡಗಿಸಿ, ಅದು ಒಳ್ಳೇದು, ಆದರೆ ಅವರ ಉಚಿತ ಸೇವೆಯನ್ನ ರೂಪಾಯಿ ಮಾಡಿ ತೋರಿಸಬೇಡಿ ಅಂತ. ಈ ನಿಯಮದಲ್ಲಿ ತಪ್ಪೇನೂ ಇಲ್ಲ. ಅದರಿಂದ ಆಗಿರೋದು ಏನಂದ್ರೆ, ರೂಪಾಯಿ ಲೆಕ್ಕ ಇಲ್ಲದ ಕಡೆ ತಲೆ ಲೆಕ್ಕ ಬಂದು ಕೂತಿದೆ. ಎಷ್ಟು ಜನ ಸ್ವಯಂಸೇವಕರು, ಎಷ್ಟು ಗಂಟೆ, ಎಷ್ಟು ಮಕ್ಕಳು. ವರದಿಯಲ್ಲಿ ಇದೇ ಮೂರು ಸಂಖ್ಯೆ. 400 ಮಕ್ಕಳನ್ನ ಮೈದಾನದಲ್ಲಿ ಕೂರಿಸಿ ಮೈಕಲ್ಲಿ ಭಾಷಣ ಮಾಡಿದ್ರೆ ಸಂಖ್ಯೆ ದೊಡ್ಡದಾಗುತ್ತೆ. 12 ಮಕ್ಕಳ ಜೊತೆ ಬೆಂಚಿನ ಮೇಲೆ ಕೂತು ಮಾತಾಡಿದ್ರೆ ಸಂಖ್ಯೆ ಚಿಕ್ಕದು. ಯಾವುದರಿಂದ ಮಗುವಿಗೆ ಉಪಯೋಗ ಅಂತ ಶಾಲೆಯಲ್ಲಿರೋ ಎಲ್ಲರಿಗೂ ಗೊತ್ತು.

ಇನ್ನೊಂದು ತೊಂದರೆ ಇದೆ. ಕಂಪನಿಗಳ ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತೆ. ವರ್ಷದ ಗುರಿ ಮುಟ್ಟೋ ಅವಸರದಲ್ಲಿ ಫೆಬ್ರುವರಿ, ಮಾರ್ಚ್‌ನಲ್ಲಿ ಶಾಲೆಗೆ ಫೋನ್ ಬರೋದಕ್ಕೆ ಶುರು ಆಗುತ್ತೆ. ‘ಸರ್, ಮುಂದಿನ ವಾರ 30 ಜನ ಬರ್ತೀವಿ, ಮಕ್ಕಳನ್ನ ರೆಡಿ ಇಟ್ಟಿರಿ’ ಅಂತಾರೆ. ನಮಗೆ ಆಗ ಏನಿರುತ್ತೆ? ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪೂರ್ವಸಿದ್ಧತಾ ಪರೀಕ್ಷೆ, ಹಾಲ್ ಟಿಕೆಟ್ಟು, ರಿವಿಷನ್ನು. ಆ ಮಕ್ಕಳನ್ನ ಎಬ್ಬಿಸೋ ಹಾಗಿಲ್ಲ. ಕೊನೆಗೆ ಎಂಟನೇ ಕ್ಲಾಸಿನ ಮಕ್ಕಳನ್ನ ತಂದು ಮುಂದೆ ಕೂರಿಸ್ತೀವಿ. ಯಾರಿಗೆ ಆ ಮಾತು ನಾಳೆನೇ ಬೇಕಾಗಿತ್ತೋ ಅವರು ಪಕ್ಕದ ರೂಮಲ್ಲಿ ಪರೀಕ್ಷೆ ಬರೀತಿರ್ತಾರೆ.

ಯಾವ ತರಗತಿಗೆ ಬರ್ತೀರಿ ಅನ್ನೋದು ಅಷ್ಟು ಮುಖ್ಯನಾ ಅಂತ ನೀವು ಕೇಳಬಹುದು. ಇದಕ್ಕೆ ಫ್ರಾನ್ಸಿನಲ್ಲಿ ನಡೆದ ಒಂದು ಅಧ್ಯಯನದ ಉತ್ತರ ಇದೆ. ಸೌಂದರ್ಯವರ್ಧಕ ತಯಾರಿಸೋ ಲೋರಿಯಲ್ ಕಂಪನಿಯ ಪ್ರತಿಷ್ಠಾನ ಅಲ್ಲಿ ಹುಡುಗಿಯರನ್ನ ವಿಜ್ಞಾನದ ಕಡೆ ಕರೆಯೋ ಒಂದು ಕಾರ್ಯಕ್ರಮ ನಡೆಸುತ್ತೆ. ವಿಜ್ಞಾನ ಓದಿದ ಮಹಿಳೆಯರು ಶಾಲೆಗೆ ಹೋಗಿ ಒಂದೇ ಒಂದು ಗಂಟೆ ಮಾತಾಡ್ತಾರೆ. ಅದರಲ್ಲಿ ಕೆಲವರು ಆ ಕಂಪನಿಯ ಉದ್ಯೋಗಿಗಳು, ಕೆಲವರು ಯುವ ಸಂಶೋಧಕಿಯರು. 2015–16ರಲ್ಲಿ ನಾಲ್ಕು ಜನ ಅರ್ಥಶಾಸ್ತ್ರಜ್ಞರು ಪ್ಯಾರಿಸ್ ಸುತ್ತಮುತ್ತಲಿನ ಶಾಲೆಗಳಲ್ಲಿ ಸುಮಾರು 20,000 ವಿದ್ಯಾರ್ಥಿಗಳನ್ನ ಇಟ್ಟುಕೊಂಡು ಇದನ್ನ ಪರೀಕ್ಷೆ ಮಾಡಿದರು. ಕೆಲವು ತರಗತಿಗೆ ಅತಿಥಿ ಬಂದರು, ಕೆಲವಕ್ಕೆ ಬರಲಿಲ್ಲ. ಆಮೇಲೆ ಆ ಮಕ್ಕಳು ಯಾವ ಕೋರ್ಸಿಗೆ ಸೇರಿದರು ಅಂತ ನೋಡಿದರು.

ಫಲಿತಾಂಶ ಕೇಳಿ. ಹತ್ತನೇ ತರಗತಿಯ ಮಕ್ಕಳು ಮುಂದೆ ಏನು ಆಯ್ಕೆ ಮಾಡಿಕೊಂಡರು ಅನ್ನೋದರಲ್ಲಿ ಹೇಳಿಕೊಳ್ಳೋ ಬದಲಾವಣೆ ಕಾಣಲಿಲ್ಲ. ಆದರೆ 12ನೇ ತರಗತಿಯಲ್ಲಿ, ವಿಜ್ಞಾನ ವಿಭಾಗದಲ್ಲೇ ಓದ್ತಿದ್ದ ಹುಡುಗಿಯರಲ್ಲಿ, ಕಠಿಣ ಪ್ರವೇಶದ ವಿಜ್ಞಾನ, ಎಂಜಿನಿಯರಿಂಗ್ ಕೋರ್ಸುಗಳಿಗೆ ಸೇರೋರು ಶೇ 11 ಇದ್ದದ್ದು ಶೇ 14.5 ಆಯ್ತು. ಒಂದು ಗಂಟೆಯ ಮಾತಿಗೆ ಇದು ಸಣ್ಣ ಬದಲಾವಣೆ ಅಲ್ಲ. ಅಲ್ಲಿ 12ನೇ ತರಗತಿಯ ಹುಡುಗಿ ಕೆಲವೇ ತಿಂಗಳಲ್ಲಿ ಅರ್ಜಿ ತುಂಬಬೇಕಿತ್ತು. ಅದೂ ಓದಿನಲ್ಲಿ ಮುಂದಿದ್ದ ಹುಡುಗಿಯರಲ್ಲೇ ಹೆಚ್ಚು ಪರಿಣಾಮ ಆಯ್ತು. ಅಂದ್ರೆ ಕೈಯಲ್ಲಿ ಶಕ್ತಿ ಇತ್ತು, ಬಾಗಿಲು ಹತ್ತಿರ ಇತ್ತು, ಹೋಗು ಅಂತ ಹೇಳೋರು ಬೇಕಿತ್ತು. ನಾನು ಇದನ್ನ ಹಾಗೆ ಓದ್ತೀನಿ.

ಇನ್ನೊಂದು ವಿಷಯವನ್ನೂ ಅವರು ಗಮನಿಸಿದರು. ‘ವಿಜ್ಞಾನದಲ್ಲಿ ಹೆಣ್ಣುಮಕ್ಕಳು ತುಂಬಾ ಕಡಿಮೆ, ತುಂಬಾ ಕಷ್ಟ’ ಅಂತ ಅದನ್ನೇ ಒತ್ತಿ ಹೇಳಿದ ಅತಿಥಿಗಳಿಂದ ಹೆಚ್ಚು ಉಪಯೋಗ ಆಗಲಿಲ್ಲ. ತಾವು ಮಾಡೋ ಕೆಲಸ ಹೇಗಿದೆ, ಅದರಲ್ಲಿ ಏನು ಖುಷಿ ಇದೆ, ಏನು ಸಿಗುತ್ತೆ ಅಂತ ಹೇಳಿದೋರ ಮಾತು ಮಕ್ಕಳಿಗೆ ತಾಕಿತು. ನಮ್ಮ ಊರಿನ ಅನುಭವವೂ ಅದೇ. ಕಷ್ಟ ಏನು ಅಂತ ನಮ್ಮ ಮಕ್ಕಳಿಗೆ ಹೊರಗಿನಿಂದ ಬಂದು ಯಾರೂ ಹೇಳ್ಬೇಕಾಗಿಲ್ಲ. ಬೆಳಗ್ಗೆ ಹಸು ಕರೆದು, ಡೈರಿಗೆ ಹಾಲು ಹಾಕಿ ಶಾಲೆಗೆ ಬರೋ ಮಕ್ಕಳವು.

ಸರಿ, ಫ್ರಾನ್ಸಿನಲ್ಲಿ ಬಾಗಿಲು 12ನೇ ತರಗತಿಯಲ್ಲಿದೆ. ನಮ್ಮಲ್ಲಿ ಅದು ಎಲ್ಲಿದೆ? ಹತ್ತನೇ ಕ್ಲಾಸಿನಲ್ಲಿದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು ಕೆಲವೇ ವಾರದೊಳಗೆ ಆರ್ಟ್ಸಾ, ಕಾಮರ್ಸಾ, ಸೈನ್ಸಾ, ಡಿಪ್ಲೊಮಾನಾ, ಐಟಿಐನಾ ಅಂತ ತೀರ್ಮಾನ ಆಗಿಬಿಡುತ್ತೆ. ಒಂದು ಸಲ ಆರ್ಟ್ಸಿಗೋ ಕಾಮರ್ಸಿಗೋ ಸೇರಿದ ಮೇಲೆ ಎಂಜಿನಿಯರಿಂಗ್ ಕಡೆ ತಿರುಗೋದು ಬಹಳ ಕಷ್ಟ. ಆ ತೀರ್ಮಾನ ಮಾಡೋರು ಯಾರು? ಮಾವ, ಪಕ್ಕದ ಮನೆಯೋರು, ಹತ್ತಿರದ ಕಾಲೇಜಿಗೆ ಯಾವ ಬಸ್ಸು ಇದೆ ಅನ್ನೋದು. ಆ ಕೆಲವು ವಾರ ಯಾವ ಕಂಪನಿಯ ಟೀ ಶರ್ಟೂ ಊರಲ್ಲಿ ಕಾಣಲ್ಲ. ಶಾಲೆಗೆ ರಜೆ, ಸ್ವಯಂಸೇವಕರಿಗೂ ರಜೆ.

ಈಗ ಯಾರು ಬರ್ಬೇಕು ಅನ್ನೋದಕ್ಕೆ ಬರೋಣ. 1983ರಲ್ಲಿ ಡೇವಿಡ್ ವೇಡ್ ಚೇಂಬರ್ಸ್ ಅನ್ನೋ ಸಂಶೋಧಕರು ಒಂದು ಸರಳ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಮಕ್ಕಳಿಗೆ ಒಂದು ಹಾಳೆ ಕೊಟ್ಟು, ಒಬ್ಬ ವಿಜ್ಞಾನಿಯ ಚಿತ್ರ ಬರೀರಿ ಅನ್ನೋದು, ಅಷ್ಟೇ. 4,807 ಮಕ್ಕಳು ಚಿತ್ರ ಬರೆದರು. ಅದರಲ್ಲಿ ಮಹಿಳಾ ವಿಜ್ಞಾನಿಯ ಚಿತ್ರ ಎಷ್ಟಿತ್ತು ಗೊತ್ತಾ? 28. ಆ ಇಪ್ಪತ್ತೆಂಟನ್ನೂ ಬರೆದದ್ದು ಹುಡುಗಿಯರೇ. ಉಳಿದಂತೆ ಬಿಳಿ ಕೋಟು, ಕನ್ನಡಕ, ಗಡ್ಡ, ಗಾಜಿನ ಬಾಟಲು.

ಇದನ್ನ ಯಾವ ಮೇಷ್ಟ್ರು ಬೇಕಾದ್ರೂ ತಮ್ಮ ಕ್ಲಾಸಿನಲ್ಲಿ ಮಾಡಿ ನೋಡಬಹುದು. ನಾನು ಮಾಡಿದ್ದೀನಿ. ವಿಜ್ಞಾನಿ ಬದಲು ಎಂಜಿನಿಯರ್ ಚಿತ್ರ ಬರೀರಿ ಅಂದ್ರೆ ಇನ್ನೂ ಸ್ವಾರಸ್ಯ. ನಮ್ಮ ಮಕ್ಕಳು ಹಳದಿ ಹೆಲ್ಮೆಟ್ಟು ಹಾಕಿಕೊಂಡು ಕಟ್ಟಡದ ಮುಂದೆ ನಿಂತಿರೋ ಒಬ್ಬ ಗಂಡಸನ್ನ ಬರೀತಾರೆ, ಇಲ್ಲಾ ಕಂಪ್ಯೂಟರ್ ಮುಂದೆ ಕೂತಿರೋ ಒಬ್ಬ ಟೈ ಕಟ್ಟಿದ ಗಂಡಸನ್ನ ಬರೀತಾರೆ. ತಮ್ಮ ಥರ ಇರೋ ಯಾರನ್ನೂ ಬರೆಯಲ್ಲ.

ಇದರಲ್ಲಿ ನನಗೆ ಬಹಳ ನೋವಾಗೋ ಸಂಗತಿ ಒಂದಿದೆ. ನಮ್ಮ ಜಿಲ್ಲೆಯಲ್ಲಿ ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳಿವೆ. ದೊಡ್ಡ ದೊಡ್ಡ ಕಾರ್ಖಾನೆಗಳಿವೆ. ಬೆಳಗಿನ ಜಾವ ಕಂಪನಿ ಬಸ್ಸು ಹಳ್ಳಿ ಹಳ್ಳಿಗೆ ಬಂದು ಹೆಣ್ಣುಮಕ್ಕಳನ್ನ ಕರ್ಕೊಂಡು ಹೋಗುತ್ತೆ. ಲೈನ್ ಕೆಲಸ ಮಾಡಿ ಮನೆ ನಡೆಸ್ತಿರೋ ಮಕ್ಕಳವು, ಅವರ ಬಗ್ಗೆ ನನಗೆ ಬಹಳ ಗೌರವ ಇದೆ. ಆದರೆ ಅದೇ ಕಾರ್ಖಾನೆಯೊಳಗೆ ಆ ಲೈನನ್ನ ವಿನ್ಯಾಸ ಮಾಡಿದೋರು, ಮಷಿನ್ ಕೆಟ್ಟರೆ ಸರಿ ಮಾಡೋರು, ಗುಣಮಟ್ಟ ಪರೀಕ್ಷೆ ಮಾಡೋರು ಇದ್ದಾರೆ. ಅವರನ್ನ ನಮ್ಮ ಊರಿನ ಮಗು ಕಂಡೇ ಇಲ್ಲ. ಬಸ್ಸು ದಿನಾ ಮನೆ ಮುಂದೆ ನಿಲ್ಲುತ್ತೆ, ಎಂಜಿನಿಯರ್ ಮಾತ್ರ ಆ ಬಸ್ಸಿನಲ್ಲಿ ಇರಲ್ಲ. ಹಾಗಾಗಿ ಕಂಪನಿ ಅಂದ್ರೆ ಲೈನ್ ಕೆಲಸ ಅಂತಲೇ ಮಕ್ಕಳು ತಿಳ್ಕೊಂಡಿದ್ದಾರೆ.

ಅದಕ್ಕೇ ಹೇಳೋದು, ಬರೋರು ಯಾರು ಅನ್ನೋದು ಮುಖ್ಯ. ದೊಡ್ಡ ಹುದ್ದೆಯ ವೈಸ್ ಪ್ರೆಸಿಡೆಂಟ್ ಬಂದು ಅಮೆರಿಕದ ಕಥೆ ಹೇಳಿದ್ರೆ ಮಕ್ಕಳು ಚಪ್ಪಾಳೆ ಹೊಡೀತಾರೆ. ಆದರೆ ‘ನಾನೂ ಹಾಗಾಗಬಹುದು’ ಅಂತ ಅನ್ನಿಸೋದು ಬೇರೆ ಥರದೋರು ಬಂದಾಗ. ಒಂದು ಸಲ ನಮ್ಮ ಶಾಲೆಗೆ ಬಂದ ತಂಡದಲ್ಲಿ ಒಬ್ಬ ಹೆಣ್ಣುಮಗಳಿದ್ದಳು. ವಯಸ್ಸು ಇಪ್ಪತ್ತೇಳು, ಇಪ್ಪತ್ತೆಂಟು ಇರಬಹುದು. ಕನ್ನಡ ಮಾಧ್ಯಮದಲ್ಲಿ ಓದಿ, ಎಸ್ಸೆಸ್ಸೆಲ್ಸಿ ಆದ ಮೇಲೆ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ, ಆಮೇಲೆ ಬಿ.ಇ. ಮುಗಿಸಿದವಳು. ಕೈಯಲ್ಲಿ ಒಂದು ಕೆಟ್ಟುಹೋದ ಸರ್ಕೀಟ್ ಬೋರ್ಡು ತಂದಿದ್ದಳು. ‘ಇದರಲ್ಲಿ ಎಲ್ಲಿ ಕೆಟ್ಟಿದೆ ಅಂತ ಹುಡುಕೋದೇ ನನ್ನ ಕೆಲಸ, ಬನ್ನಿ ಹುಡುಕೋಣ’ ಅಂತ ಮಲ್ಟಿಮೀಟರ್ ಮಕ್ಕಳ ಕೈಗೆ ಕೊಟ್ಟಳು. ಭಾಷಣ ಮಾಡಲೇ ಇಲ್ಲ.

ಅವತ್ತು ಮಕ್ಕಳು ಕೇಳಿದ ಪ್ರಶ್ನೆಗಳು ನನಗೆ ಇನ್ನೂ ನೆನಪಿವೆ. ಮೈಕ್ ಹಿಡಿದು ಭಾಷಣ ಮಾಡೋರ ಹತ್ತಿರ ಯಾವ ಮಗುವೂ ಇಂಥಾ ಪ್ರಶ್ನೆ ಕೇಳಿರಲಿಲ್ಲ.

‘ಅಕ್ಕಾ, ನಿಮಗೆ ಇಂಗ್ಲಿಷ್ ಮೊದಲೇ ಬರ್ತಿತ್ತಾ?’

‘ಇಲ್ಲ ಕಣಮ್ಮ. ಮೊದಲನೇ ಸೆಮಿಸ್ಟರಲ್ಲಿ ಎರಡು ಸಬ್ಜೆಕ್ಟ್ ಹೋಯ್ತು. ಪಾಠ ಅರ್ಥ ಆಗ್ತಿತ್ತು, ಬರೆಯೋಕೆ ಬರ್ತಿರಲಿಲ್ಲ. ಮುಂದಿನ ಸಲ ಕಟ್ಟಿ ಪಾಸ್ ಮಾಡ್ದೆ.’

‘ಹಾಸ್ಟೆಲ್ಲಲ್ಲಿ ಇದ್ರಾ ಅಕ್ಕಾ? ಮನೇಲಿ ಕಳಿಸಿದ್ರಾ?’

‘ಸಂಬಳ ಎಷ್ಟು ಬರುತ್ತೆ?’

ಆಕೆ ಒಂದೊಂದಕ್ಕೂ ಮುಚ್ಚುಮರೆ ಇಲ್ಲದೆ ಉತ್ತರ ಹೇಳಿದಳು. ಸಂಬಳ ಶುರುವಿನಲ್ಲಿ ಎಷ್ಟಿತ್ತು, ಈಗ ಎಷ್ಟಿದೆ, ರಾತ್ರಿ ಪಾಳಿ ಇರುತ್ತಾ, ನಿಂತು ಮಾಡೋ ಕೆಲಸನಾ, ಕೂತು ಮಾಡೋದಾ, ಎಲ್ಲ ಹೇಳಿದಳು. ಆ ಪ್ರಶ್ನೆ ಕೇಳಿದವರಲ್ಲಿ ಒಬ್ಬಳ ಅಕ್ಕ ನರಸಾಪುರದ ಬಸ್ಸಿನಲ್ಲಿ ಹೋಗೋಳು. ಫಲಿತಾಂಶ ಬಂದ ವಾರ ಆ ಹುಡುಗಿಯ ತಂದೆ ನನ್ನ ಹತ್ತಿರ ಬಂದರು. ‘ಮೇಷ್ಟ್ರೇ, ಇವಳು ಡಿಪ್ಲೊಮಾ ಡಿಪ್ಲೊಮಾ ಅಂತ ಒಂದೇ ಸಮನೆ ಹೇಳ್ತಾವ್ಳೆ. ಹೆಣ್ಣುಡುಗಿ ಮಿಷಿನ್ ಕೆಲಸಕ್ಕೆ ಹೋದ್ರೆ ನಾಳೆ ಹೆಂಗೆ?’ ಅಂದರು. ಆ ಹೆಣ್ಣುಮಗಳ ನಂಬರು ನನ್ನ ಹತ್ತಿರ ಇತ್ತು. ಫೋನ್ ಹಚ್ಚಿಕೊಟ್ಟೆ. ಇಬ್ಬರೂ ಇಪ್ಪತ್ತು ನಿಮಿಷ ಮಾತಾಡಿದರು. ಹುಡುಗಿ ಡಿಪ್ಲೊಮಾಗೆ ಸೇರಿದಳು.

ಅದೇ ಬೆಂಚಿನಲ್ಲಿದ್ದ ಇನ್ನಿಬ್ಬರು ಸೇರಲಿಲ್ಲ. ಒಬ್ಬಳು ಅಕ್ಕಂದಿರ ಥರ ಬಸ್ಸು ಹತ್ತಿದಳು, ಇನ್ನೊಬ್ಬಳಿಗೆ ಹದಿನೆಂಟು ತುಂಬುತ್ತಿದ್ದ ಹಾಗೇ ಮದುವೆ ಆಯ್ತು. ಒಂದು ಭೇಟಿಯಿಂದ ಎಲ್ಲ ಬದಲಾಗುತ್ತೆ ಅಂತ ನಾನು ಹೇಳಲ್ಲ. ಆದರೆ ಆ ಒಂದು ಫೋನ್ ಇಲ್ಲದೇ ಇದ್ದಿದ್ರೆ ಮೂರನೆಯವಳೂ ಸೇರ್ತಿರಲಿಲ್ಲ ಅಂತ ಹೇಳಬಲ್ಲೆ.

ಇಂಗ್ಲೆಂಡಿನಲ್ಲಿ 2009ರಿಂದ ‘ಆಸ್ಪೈರ್ಸ್’ ಅಂತ ಒಂದು ದೊಡ್ಡ ಅಧ್ಯಯನ ನಡೆದಿದೆ. ಹತ್ತು ವರ್ಷದ ವಯಸ್ಸಿನಿಂದ ಮಕ್ಕಳನ್ನ ಹಿಂಬಾಲಿಸಿಕೊಂಡು ಹೋಗಿರೋ ಅಧ್ಯಯನ, ಲೂಯಿಸ್ ಆರ್ಚರ್ ಅದರ ಮುಖ್ಯಸ್ಥೆ. ವಿಜ್ಞಾನದ ಪಾಠ ಇಷ್ಟ ಅನ್ನೋ ಮಕ್ಕಳು ಬಹಳ ಜನ ಇದ್ದಾರೆ, ಆದರೆ ವಿಜ್ಞಾನಿ ಆಗ್ತೀನಿ ಅನ್ನೋರು ಕಡಿಮೆ ಅಂತ ಅವರು ಕಂಡುಕೊಂಡರು. ಮನೆಯಲ್ಲಿ, ನೆಂಟರಲ್ಲಿ ವಿಜ್ಞಾನದ ಕೆಲಸ ಮಾಡೋರು ಯಾರಾದರೂ ಇದ್ದಾರಾ, ಮನೆಯಲ್ಲಿ ಆ ಮಾತು ಬರುತ್ತಾ ಅನ್ನೋದು ಬಹಳ ವ್ಯತ್ಯಾಸ ಮಾಡುತ್ತೆ. ಹಾಗಾದ್ರೆ ಮಕ್ಕಳಿಗೆ ಆಸಕ್ತಿ ಹುಟ್ಟಿಸೋದಕ್ಕೆ ನಾವು ಅಷ್ಟೊಂದು ಕಷ್ಟಪಡೋದು ಬೇಕಾಗಿಲ್ಲ. ರಾಕೆಟ್ ಹಾರೋದನ್ನ ಟಿವಿಯಲ್ಲಿ ನೋಡಿದ ಮಗುವಿಗೆ ಆಸಕ್ತಿ ಇದ್ದೇ ಇರುತ್ತೆ. ಮಗುವಿಗೆ ಬೇಕಾಗಿರೋದು ಆ ಕಡೆ ಹೋದ ಒಬ್ಬ ಅಕ್ಕ, ಒಬ್ಬ ಅಣ್ಣ. ನೆಂಟರಲ್ಲಿ ಇಲ್ಲದ ಆ ಅಕ್ಕನ ಜಾಗದಲ್ಲಿ ಕಂಪನಿಯ ಉದ್ಯೋಗಿ ನಿಲ್ಲಬಹುದು.

ಅಕ್ಕ ಅಂದ ಮೇಲೆ ದಾರಿ ಗೊತ್ತಿರಬೇಕು. ಸ್ವಯಂಸೇವಕರಲ್ಲಿ ನನ್ನ ಮನವಿ ಏನಂದ್ರೆ, ಬರೋ ಮೊದಲು ಈ ವಿಷಯಗಳನ್ನ ತಿಳ್ಕೊಂಡು ಬನ್ನಿ. ಇವು ನಿಮ್ಮ ಸ್ಲೈಡುಗಳಲ್ಲಿ ಇರಲ್ಲ, ಮಕ್ಕಳಿಗೆ ಬೇಕಾಗಿರೋದು ಇವೇ.

ಎಂಟನೇ ಕ್ಲಾಸಿನ ಮಕ್ಕಳಿಗೆ ಎನ್‌ಎಂಎಂಎಸ್ ಪರೀಕ್ಷೆ ಇದೆ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳು ಬರೀಬಹುದು, ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷದ ಒಳಗೆ ಇರಬೇಕು. ಆಯ್ಕೆ ಆದ್ರೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ. ಎಂಟನೇ ಕ್ಲಾಸು ದಾಟಿದ್ರೆ ಈ ಅವಕಾಶ ಮತ್ತೆ ಇಲ್ಲ. ಅದರಲ್ಲಿ ಬರೋ ಮಾನಸಿಕ ಸಾಮರ್ಥ್ಯದ ಪ್ರಶ್ನೆಗಳಿವೆಯಲ್ಲ, ಸರಣಿ ಪೂರ್ತಿ ಮಾಡೋದು, ಬೇರೆಯದನ್ನ ಗುರುತಿಸೋದು, ಎಂಜಿನಿಯರುಗಳಿಗೆ ಅದು ನೀರು ಕುಡಿದ ಹಾಗೆ. ನಾಲ್ಕು ಶನಿವಾರ ಬಂದು ಅಭ್ಯಾಸ ಮಾಡಿಸಿದ್ರೆ ಸಾಕು.

ಹತ್ತನೇ ಕ್ಲಾಸಿನ ಮಕ್ಕಳಿಗೆ ಎರಡು ದಾರಿಯನ್ನೂ ಹೇಳಿ. ಒಂದು, ಪಿಯುಸಿಯಲ್ಲಿ ವಿಜ್ಞಾನ ತಗೊಂಡು ಸಿಇಟಿ ಬರೆಯೋದು. ಇನ್ನೊಂದು, ಮೂರು ವರ್ಷದ ಡಿಪ್ಲೊಮಾ. ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದ್ರೆ ಬಿ.ಇ. ಎರಡನೇ ವರ್ಷಕ್ಕೇ ನೇರವಾಗಿ ಸೇರಬಹುದು. ನಡುವೆ ದುಡ್ಡಿನ ತೊಂದರೆ ಬಂದ್ರೂ ಡಿಪ್ಲೊಮಾ ಕೈಯಲ್ಲಿರುತ್ತೆ, ಕೆಲಸಕ್ಕೆ ಸೇರಬಹುದು. ಬಡವರ ಮನೆಗೆ ಇದು ಬಹಳ ದೊಡ್ಡ ಧೈರ್ಯ. ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟುಹಬ್ಬ ಸೆಪ್ಟೆಂಬರ್ 15ಕ್ಕೆ ಎಂಜಿನಿಯರುಗಳ ದಿನ ಅಂತ ನೀವೆಲ್ಲ ಬಂದು ಅವರ ಫೋಟೊಗೆ ಹಾರ ಹಾಕ್ತೀರಿ. ಬೆಂಗಳೂರಿನ ಎಸ್‌.ಜೆ. ಪಾಲಿಟೆಕ್ನಿಕ್ 1943ರಲ್ಲಿ ಶುರುವಾದದ್ದು ಅವರ ಪ್ರಯತ್ನದಿಂದ ಅನ್ನೋದನ್ನೂ ಮಕ್ಕಳಿಗೆ ಹೇಳಿ. ಕೈಕೆಲಸ ಕಲಿಯೋ ಓದನ್ನ ಅಷ್ಟು ದೊಡ್ಡ ಎಂಜಿನಿಯರ್ ಕೀಳಾಗಿ ನೋಡಲಿಲ್ಲ.

ಇನ್ನು ಸಿಇಟಿ ಸೀಟು. ಹಳ್ಳಿಯಲ್ಲಿ ಒಂದರಿಂದ ಹತ್ತನೇ ತರಗತಿವರೆಗೆ ಓದಿದ ಮಕ್ಕಳಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಹತ್ತು ವರ್ಷ ಓದಿದವರಿಗೆ ಶೇ 5 ಮೀಸಲು ಇದೆ. ಅದಕ್ಕೆ ವ್ಯಾಸಂಗ ಪ್ರಮಾಣಪತ್ರ ಬೇಕು, ಹೆಡ್‌ಮಾಸ್ಟರ್ ಸಹಿ, ಬಿಇಒ ಮೇಲುಸಹಿ ಬೇಕು. ಎಸ್‌ಎನ್‌ಕ್ಯು ಅಂತ ಇದೆ. ಮನೆಯ ಆದಾಯ 8 ಲಕ್ಷದ ಒಳಗಿರೋ ಮಕ್ಕಳಿಗೆ ಬೋಧನಾ ಶುಲ್ಕ ಇಲ್ಲದ ಸೀಟುಗಳು. ‘ಎಂಜಿನಿಯರಿಂಗ್ ಅಂದ್ರೆ ಲಕ್ಷಗಟ್ಟಲೆ’ ಅಂತ ಹೆದರಿ ಆರ್ಟ್ಸಿಗೆ ಸೇರಿಸೋ ತಂದೆ ತಾಯಿಗೆ ಈ ಒಂದು ವಾಕ್ಯ ತಲುಪಿದ್ರೆ ಸಾಕು. ವರ್ಷ ವರ್ಷ ನಿಯಮ ಸ್ವಲ್ಪ ಬದಲಾಗ್ತಿರುತ್ತೆ, ಆ ವರ್ಷದ ಕೆಇಎ ಕೈಪಿಡಿ ಒಂದು ಪ್ರಿಂಟ್ ತಂದು ಶಾಲೆಯಲ್ಲಿ ಇಟ್ಟು ಹೋಗಿ. ಜಾಮಿಟ್ರಿ ಬಾಕ್ಸಿಗಿಂತ ಅಗ್ಗ.

ಭಾಷೆಯ ಬಗ್ಗೆ ಒಂದು ಮಾತು. ಕನ್ನಡ ಮಾಧ್ಯಮದ ಮಗು ಪಿಯುಸಿ ಸೈನ್ಸಿಗೆ ಹೋದ ಮೊದಲ ಮೂರು ತಿಂಗಳು ಕಣ್ಣೀರು ಹಾಕುತ್ತೆ. ವೇಗೋತ್ಕರ್ಷ ಅಂತ ಓದಿದ್ದು ಅಲ್ಲಿ ಆಕ್ಸಿಲರೇಷನ್ ಆಗಿರುತ್ತೆ, ಸಂವೇಗ ಮೊಮೆಂಟಮ್ ಆಗಿರುತ್ತೆ. ವಿಷಯ ಅದೇ, ಹೆಸರು ಬೇರೆ. ಗೊತ್ತಿರೋದೇ ಗೊತ್ತಿಲ್ಲ ಅಂತ ಅನ್ನಿಸಿಬಿಡುತ್ತೆ. ಎಷ್ಟೋ ಮಕ್ಕಳು ಆ ಮೂರು ತಿಂಗಳಲ್ಲೇ ಕಾಮರ್ಸಿಗೆ ಬದಲಾಯಿಸಿಕೊಳ್ತಾರೆ. ಹತ್ತನೇ ಕ್ಲಾಸ್ ಮುಗಿದ ಬೇಸಿಗೆಯಲ್ಲಿ ಹತ್ತು ದಿನ, ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಒಂದು ಇನ್ನೂರು ಪದ ಎರಡೂ ಭಾಷೆಯಲ್ಲಿ ಹೇಳಿಕೊಡೋದಕ್ಕೆ ಕನ್ನಡ ಬರೋ ಎಂಜಿನಿಯರುಗಳು ಸಾಕು. ದೊಡ್ಡ ಲ್ಯಾಬ್ ಬೇಡ. ಆನ್‌ಲೈನ್‌ನಲ್ಲೂ ಆಗುತ್ತೆ.

ಕನ್ನಡ ಬರದ ಸ್ವಯಂಸೇವಕರು ಏನು ಮಾಡ್ಬೇಕು? ಅವರಿಗೂ ಕೆಲಸ ಇದೆ. ನಮ್ಮ ಪ್ರಯೋಗಾಲಯದ ಬೀರು ತೆಗೆದು ನೋಡಿ. ಅಮ್ಮೀಟರು, ವೋಲ್ಟ್‌ಮೀಟರು, ರಿಯೋಸ್ಟಾಟು ಎಲ್ಲ ಇರುತ್ತೆ, ಅರ್ಧ ಕೆಲಸ ಮಾಡಲ್ಲ. ರಿಪೇರಿಗೆ ಯಾರಿಗೆ ಕೊಡ್ಬೇಕು ಗೊತ್ತಿಲ್ಲ, ದಾಸ್ತಾನಿನಿಂದ ತೆಗೆಯೋಕೆ ಭಯ, ಹಾಗಾಗಿ ಬೀಗ ಹಾಕಿಟ್ಟಿರ್ತೀವಿ. ಇಬ್ಬರು ಎಂಜಿನಿಯರುಗಳು ಎರಡು ಶನಿವಾರ ಬಂದು ಕೂತು ಒಂದೊಂದೇ ಪರೀಕ್ಷೆ ಮಾಡಿ, ಸರಿ ಆಗೋದನ್ನ ಮಕ್ಕಳ ಎದುರಲ್ಲೇ ಸರಿ ಮಾಡಿದ್ರೆ, ಆ ವರ್ಷ ಓಮನ ನಿಯಮ ಬೋರ್ಡಿನ ಮೇಲೆ ಉಳಿಯದೆ ಟೇಬಲ್ಲಿನ ಮೇಲೆ ಬರುತ್ತೆ. ಕೆಟ್ಟಿದ್ದನ್ನ ಬಿಚ್ಚಿ ನೋಡೋದು, ಕಾರಣ ಹುಡುಕೋದು, ಇದೇ ಎಂಜಿನಿಯರಿಂಗ್ ಅಲ್ವಾ? ಮಕ್ಕಳು ಅದನ್ನ ಕಣ್ಣಾರೆ ನೋಡ್ತಾರೆ.

ಕೊನೆಯದಾಗಿ, ಮತ್ತೆ ಮತ್ತೆ ಬರೋದರ ಬಗ್ಗೆ. ಡಾ. ಎಚ್. ನರಸಿಂಹಯ್ಯನವರು ನಿಮಗೆಲ್ಲ ಗೊತ್ತು. ಗೌರಿಬಿದನೂರು ಹತ್ತಿರದ ಹೊಸೂರಿನಿಂದ ಬಂದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆದವರು. 1962ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ಪ್ರತಿ ಬುಧವಾರ ಒಂದು ಉಪನ್ಯಾಸ. ವಿಜ್ಞಾನಿಗಳು, ವೈದ್ಯರು, ಎಂಜಿನಿಯರುಗಳು ಬಂದು ಸಾಮಾನ್ಯ ಜನರಿಗೆ ಅರ್ಥ ಆಗೋ ಹಾಗೆ ಮಾತಾಡ್ತಿದ್ದರು. ಬುಧವಾರ ಅಂದ್ರೆ ಅಲ್ಲಿ ಉಪನ್ಯಾಸ ಇದ್ದೇ ಇರುತ್ತೆ ಅನ್ನೋ ನಂಬಿಕೆ ಜನರಿಗೆ ಬಂತು, ದಶಕಗಳ ಕಾಲ ನಡೀತು. ಅಮೆರಿಕದ ಫಸ್ಟ್ ರೋಬೊಟಿಕ್ಸ್ ಸ್ಪರ್ಧೆಯಲ್ಲೂ ಕಂಪನಿ ಎಂಜಿನಿಯರುಗಳು ಹೈಸ್ಕೂಲು ಮಕ್ಕಳ ಜೊತೆ ವಾರಗಟ್ಟಲೆ ಕೂತು ರೋಬೊ ಕಟ್ಟಿಸ್ತಾರೆ. ಎರಡೂ ಕಡೆ ಗುಟ್ಟು ಒಂದೇ. ಹೇಳಿದ ದಿನ ಬರೋದು, ಮತ್ತೆ ಬರೋದು.

ಹಾಗಾಗಿ ಕಂಪನಿಗಳಲ್ಲಿ ಈ ಕಾರ್ಯಕ್ರಮ ನೋಡಿಕೊಳ್ಳೋರಿಗೆ ನನ್ನ ಮನವಿ ಚಿಕ್ಕದು. ಹತ್ತು ಶಾಲೆಗೆ ಒಂದೊಂದು ದಿನ ಹೋಗೋ ಬದಲು ಒಂದು ಶಾಲೆ ಹಿಡೀರಿ, ಮೂರು ವರ್ಷ ಬಿಡಬೇಡಿ. ಎಂಟನೇ ಕ್ಲಾಸಿನಲ್ಲಿ ನೋಡಿದ ಮಗುವನ್ನ ಹತ್ತನೇ ಕ್ಲಾಸಿನಲ್ಲೂ ನೋಡಿ. ಜುಲೈನಲ್ಲಿ ಒಂದು ಸಲ, ನವೆಂಬರ್‌ನಲ್ಲಿ ಒಂದು ಸಲ ಬನ್ನಿ. ಫಲಿತಾಂಶ ಬಂದ ವಾರ ಒಂದು ದಿನ ಬಂದು, ತಂದೆ ತಾಯಿಯನ್ನೂ ಕರೆಸಿ ಕೂರಿಸಿ. ಫೆಬ್ರುವರಿ, ಮಾರ್ಚ್ ಮಾತ್ರ ದಯವಿಟ್ಟು ಬೇಡ. ವರದಿಯಲ್ಲಿ ಎಷ್ಟು ಮಕ್ಕಳನ್ನ ಭೇಟಿ ಮಾಡಿದ್ರಿ ಅಂತ ಬರೆಯೋ ಜಾಗದಲ್ಲಿ, ಆ ಶಾಲೆಯಿಂದ ಈ ವರ್ಷ ಎಷ್ಟು ಮಕ್ಕಳು ಸೈನ್ಸಿಗೆ, ಡಿಪ್ಲೊಮಾಗೆ ಸೇರಿದರು, ಅವರಲ್ಲಿ ಎಷ್ಟು ಜನ ಮೊದಲ ವರ್ಷ ದಾಟಿದರು ಅಂತ ಬರೀರಿ. ಸಂಖ್ಯೆ ಚಿಕ್ಕದೇ ಇರುತ್ತೆ, ಪರವಾಗಿಲ್ಲ.

ಮೇಷ್ಟ್ರುಗಳಿಗೂ ಒಂದು ಮಾತು. ಕಂಪನಿಯವರು ಬರ್ತೀವಿ ಅಂದಾಗ ಶಾಮಿಯಾನ, ಹಾರ, ಸ್ವಾಗತ ನೃತ್ಯ ಅಂತ ಮೂರು ದಿನ ಕಳೀಬೇಡಿ. ‘ನಮಗೆ ಇಂಥವರು ಬೇಕು, ಇಂಥ ತಿಂಗಳು ಬೇಕು, ಡಿಪ್ಲೊಮಾ ಮಾಡಿದೋರು ಒಬ್ಬರಾದ್ರೂ ಇರಲಿ, ಹೆಣ್ಣುಮಕ್ಕಳು ಇರಲಿ’ ಅಂತ ಕೇಳಿ. ಕೇಳಿದ್ರೆ ಬಹಳ ಜನ ಒಪ್ತಾರೆ, ನಾನು ನೋಡಿದ್ದೀನಿ. ಪಾಠ ಮಾಡೋದು ನಮ್ಮ ಕೆಲಸ, ಅದನ್ನ ಅವರ ಮೇಲೆ ಹಾಕೋದು ಬೇಡ. ನಮ್ಮ ಹತ್ತಿರ ಇಲ್ಲದ್ದು ಅವರ ಅನುಭವ, ಅವರ ಫೋನ್ ನಂಬರು. ಅದನ್ನ ಪಡ್ಕೊಳ್ಳಿ, ಶಾಲೆಯ ಮೂಲಕವೇ ಬಳಸಿ.

ಮತ್ತೆ, ಇದನ್ನ ಕೇಳ್ತಿರೋ ಎಂಜಿನಿಯರುಗಳಲ್ಲಿ ಸರ್ಕಾರಿ ಶಾಲೆಯಲ್ಲಿ ಓದಿದವರು ಬಹಳ ಜನ ಇರ್ತೀರಿ. ಕಂಪನಿ ಬಸ್ಸು ಮಾಡಿ ಕಳಿಸಲಿ ಅಂತ ಕಾಯೋದು ಬೇಡ. ಈ ಸಲ ಊರಿಗೆ ಹೋದಾಗ ನಿಮ್ಮ ಶಾಲೆಯ ಹೆಡ್‌ಮಾಸ್ಟರನ್ನ ಕಂಡು, ಹತ್ತನೇ ಕ್ಲಾಸಿನ ಮಕ್ಕಳ ಜೊತೆ ಒಂದು ಪೀರಿಯಡ್ ಕೂತ್ಕೋಬಹುದಾ ಅಂತ ಕೇಳಿ. ನಲವತ್ತು ನಿಮಿಷ. ನೀವು ದಿನಾ ಮಾಡೋ ಕೆಲಸದ ಒಂದು ವಸ್ತು ಕೈಯಲ್ಲಿ ತಗೊಂಡು ಹೋಗಿ. ಮಕ್ಕಳು ಪ್ರಶ್ನೆ ಕೇಳ್ತಾರೆ.